ಗಾಳಿಬೀಡು ಕಡೆಯ ಹಳೇ ಹಂಚಿನ ಮನೆ: ಸೋಲಾರ್, ಇಂಗು ಗುಂಡಿ, ಗೋಬರ್ ಗ್ಯಾಸ್ – ಮೊದಲು ಯಾವುದು?

ಹಂಚಿನಮನೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಗಾಳಿಬೀಡು ಕಡೆ ನಮ್ಮ ಮನೆ. ಮಣ್ಣಿನ ಗೋಡೆ, ಮಂಗಳೂರು ಹಂಚು, ಮಾಡು (ಛಾವಣಿ) ಸೂರು ಸೇರಿ 1200 ಚದರ ಅಡಿ. ಹಿಂಬದಿಯ ಬಚ್ಚಲಿಗೆ ಮಾತ್ರ ತಾರಸಿ. ಐದು ಜನ, ಎರಡು ಮಿಶ್ರತಳಿ ಹಸು, ಮೂರು ಎಕರೆ ಕಾಫಿ. ಬಾವಿ ಮಾರ್ಚ್ ಹೊತ್ತಿಗೆ ತಳ ಕಾಣುತ್ತದೆ. ಸ್ನಾನದ ನೀರಿಗೆ ಹಂಡೆ ಒಲೆ, ಮಳೆಗಾಲದಲ್ಲಿ ಸೌದೆಗೆ ಲೆಕ್ಕವೇ ಇಲ್ಲ. ಕರೆಂಟು ತಿಂಗಳಿಗೆ 130–140 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದೆ. ಮನೆ ಹಿಂದೆ 12 ಅಡಿ ಎತ್ತರದ ಬರೆ (ಗುಡ್ಡವನ್ನು ನೇರ ಕಡಿದ ಮಣ್ಣಿನ ಗೋಡೆ) ಇದೆ.

ಮನೆಯನ್ನು ಸ್ವಲ್ಪ ಪರಿಸರಸ್ನೇಹಿ ಮಾಡಬೇಕು ಅಂತ ಒಂದೂವರೆ ಲಕ್ಷ ತೆಗೆದಿಟ್ಟಿದ್ದೇವೆ. ತಲೆಯಲ್ಲಿರುವುದು ಮೂರು: ಮಾಡಿನ ಮೇಲೆ 3 ಕಿಲೋವಾಟ್ ಸೋಲಾರ್, ಬರೆಯ ಮೇಲಿನ ಸಮತಟ್ಟಿನಲ್ಲಿ ನಾಲ್ಕೈದು ಇಂಗು ಗುಂಡಿ, ಗೋಬರ್ ಗ್ಯಾಸ್. ಯಾವುದರಿಂದ ಶುರು ಮಾಡೋದು? ಬಯಲುಸೀಮೆಯವರ ವಿಡಿಯೋ ನೋಡಿ ನೋಡಿ ಸಾಕಾಗಿದೆ, ನಮ್ಮ ಕಡೆಯ ಮಳೆ ಗೊತ್ತಿರುವವರು ಹೇಳಿ.

ಬಚ್ಚಲೊಲೆ

ಮೂರನ್ನೂ ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಮನೆಯಲ್ಲಿ ಅತಿ ಹೆಚ್ಚು ಸುಡುತ್ತಿರುವುದು ಬಚ್ಚಲ ಒಲೆ, ಅಲ್ಲಿಂದ ಶುರು ಮಾಡಿ.

ಲೆಕ್ಕ ಇಷ್ಟೇ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಬೇಕಾದ ಶಾಖ ಸುಮಾರು 3 ಯೂನಿಟ್ ಕರೆಂಟಿನಷ್ಟು. ಚೆನ್ನಾಗಿ ಒಣಗಿದ ಒಂದು ಕೆಜಿ ಸೌದೆಯಲ್ಲಿ 4 ಯೂನಿಟ್‌ನಷ್ಟು ಶಾಖ ಇರುತ್ತದೆ. ಅಂದರೆ ಒಂದು ಕೆಜಿ ಒಳಗೇ ಮುಗಿಯಬೇಕಾದ ಕೆಲಸ. ಮೂರು ಕಲ್ಲಿನ ಮೇಲೆ ಹಂಡೆ ಇಟ್ಟು ಬಾಯಿ ತೆರೆದ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಶಾಖ ಮಾತ್ರ ನೀರಿಗೆ ಹೋಗುತ್ತದೆ, ಹಾಗಾಗಿ ಆರೇಳು ಕೆಜಿ ಬೇಕು. ಹಸಿ ಸೌದೆಯಾದರೆ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಬೆಂಕಿ ಖರ್ಚು, ಉಳಿದದ್ದು ಹೊಗೆ.

ಸರಿಪಡಿಸಬೇಕಾದ್ದು ಎರಡು. ಮೊದಲನೆಯದು ಸೌದೆ ಕೊಟ್ಟಿಗೆ. ಕುಯ್ಲು ಮುಗಿದು ಕಾಫಿ ಕಪಾತು ಮಾಡುವಾಗ (ಕೊಂಬೆ ಸವರುವಾಗ) ಸಿಗುವ ಗಟ್ಟಿ ಕಾಂಡ ಒಳ್ಳೆಯ ಸೌದೆ, ಸಿಲ್ವರ್ ಓಕ್ ಭರ್ರನೆ ಉರಿದು ಹೋಗುತ್ತದೆ. ಫೆಬ್ರವರಿಯಲ್ಲಿ ಕಡಿದದ್ದನ್ನು ಆಗಲೇ ಸೀಳಿ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ, ಗೋಡೆಯಿಂದ ಒಂದು ಗೇಣು ದೂರಕ್ಕೆ ಅಟ್ಟಿ ಹಾಕಿ. ಮೇಲೆ ಮಾಡು ಇರಲಿ, ಎರಡು ಬದಿ ಗಾಳಿಗೆ ತೆರೆದಿರಲಿ. ಸುತ್ತ ಟಾರ್ಪಾಲ್ ಬಿಗಿದರೆ ಒಳಗೇ ಬೂಸ್ಟು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಕಡಿದ ದಪ್ಪ ಮರ ಆ ಮಳೆಗಾಲಕ್ಕೆ ಒಣಗುವುದಿಲ್ಲ, ಅದನ್ನು ಮುಂದಿನ ವರ್ಷಕ್ಕೆ ಬೇರೆ ಇಡಿ.

ಎರಡನೆಯದು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 80ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯ ತತ್ವವೇ ಬಚ್ಚಲಿಗೂ ಸಾಕು:

– ಸೌದೆ ನೆಲದ ಮೇಲೆ ಅಲ್ಲ, ಕಬ್ಬಿಣದ ಸರಳಿನ ಜಾಲರಿಯ ಮೇಲೆ ಉರಿಯಬೇಕು. 8 ಇಂಚು ಚೌಕ, ಸರಳುಗಳ ನಡುವೆ ಅರ್ಧ ಇಂಚು ಸಂದು. ಕೆಳಗೆ ಅರ್ಧ ಅಡಿ ಬೂದಿ ಗುಂಡಿ, ಗಾಳಿ ಅಲ್ಲಿಂದ ಬರಬೇಕು.
– ಹಂಡೆಯ ಹೊಟ್ಟೆಗೂ ಒಲೆಯ ಗೋಡೆಗೂ ನಡುವೆ ಮುಕ್ಕಾಲು ಇಂಚು ಸಂದು, ಸುತ್ತಲೂ ಒಂದೇ ಸಮ. ಎರಡು ಇಂಚು ಬಿಟ್ಟರೆ ಜ್ವಾಲೆ ಹಂಡೆ ಮುಟ್ಟದೆ ಸೀದಾ ಚಿಮಣಿಗೆ ಹೋಗುತ್ತದೆ. ಕಾಲು ಇಂಚು ಬಿಟ್ಟರೆ ಹೊಗೆ ಬಾಯಿಂದ ಹೊರಗೆ.
– ಹಂಡೆಯ ಕಂಠದ ಹತ್ತಿರ ಮಣ್ಣು ಮೆತ್ತಿ ಪೂರ್ತಿ ಮುಚ್ಚಿ. ಸೌದೆ ಹಾಕುವ ಬಾಯಿಗೆ ತಗಡಿನ ಮುಚ್ಚಳ.
– 4 ಇಂಚಿನ ಚಿಮಣಿ, ಹಂಚಿನಿಂದ 3 ಅಡಿ ಮೇಲೆ, ತುದಿಗೆ ಟೋಪಿ. ಬುಡದಲ್ಲಿ ಕೈ ಹಾಕಿ ಮಸಿ ತೆಗೆಯಲು ಕಿಂಡಿ ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ. ಒಳಗೆ ಅಡ್ಡ ತಗಡು ಇಟ್ಟು ಎಳೆತ ಕಡಿಮೆ ಮಾಡುವ ಹಾಗಿರಲಿ.

ಕಟ್ಟಲು ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ. ಸಿಮೆಂಟಿನಲ್ಲಿ ಕಟ್ಟಿದ ಒಲೆ ಬೆಂಕಿ ತಾಗಿ ಬಿರುಕು ಬಿಡುತ್ತದೆ, ಬಿರುಕಿನಿಂದ ಬೇಡದ ಗಾಳಿ ನುಗ್ಗಿ ಉರಿ ಹಾಳು. ಸರಿಯಾಗಿ ಕಟ್ಟಿದರೆ ಅದೇ ನೀರಿಗೆ ಎರಡು ಎರಡೂವರೆ ಕೆಜಿ ಸೌದೆ ಸಾಕು. ಒಲೆ ಹಚ್ಚಲು ಹಾಲಿನ ಕವರ್ ಹಾಕುವ ಅಭ್ಯಾಸ ಇದ್ದರೆ ಬಿಡಿ. ಆ ಹೊಗೆ ಒದ್ದೆ ಬಚ್ಚಲಲ್ಲೇ ಸುತ್ತುತ್ತದೆ, ಬೂದಿ ತೋಟಕ್ಕೂ ಬೇಡ. ತೆಂಗಿನ ಚಿಪ್ಪು, ಅಡಿಕೆ ಹಾಳೆ ಇದ್ದೇ ಇದೆಯಲ್ಲ.

ಇದರ ಜೊತೆ ತಾರಸಿಯ ಮೇಲೆ 100 ಲೀಟರಿನ ಗಾಜಿನ ಕೊಳವೆಯ ಸೋಲಾರ್ ವಾಟರ್ ಹೀಟರ್. ನವೆಂಬರಿನಿಂದ ಮೇ ತನಕ ಒಲೆಯೇ ಹಚ್ಚಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಅದನ್ನು ನಂಬಬೇಡಿ, ಅದಕ್ಕೇ ಒಲೆ ಮೊದಲು ಅಂದಿದ್ದು. ಸೋಲಾರಿನ ಬಿಸಿನೀರಿನ ಪೈಪನ್ನು ಹಂಡೆಗೆ ಬೀಳುವ ಹಾಗೆ ಎಳೆಸಿ. ಮೋಡದ ದಿನ 28–30 ಡಿಗ್ರಿ ನೀರು ಬಂದರೂ ಅಷ್ಟು ಸೌದೆ ಉಳಿಯಿತು. ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿ ಇರಲೇಬೇಕು, ಇಲ್ಲದಿದ್ದರೆ ಅದು ತುಂಬುವುದೇ ಇಲ್ಲ. ನೀರು ತುಂಬಿದಾಗ ಒಟ್ಟು ತೂಕ 150 ಕೆಜಿ ದಾಟುತ್ತದೆ, ಹಂಚು ಹೊರುವ ಮರದ ಪಕಾಸಿನ ಮೇಲೆ ಕೂರಿಸಲು ಬಿಡಬೇಡಿ. ಮೇಸ್ತ್ರಿ ‘ಏನಾಗಲ್ಲ’ ಅಂದರೂ ಬಿಡಬೇಡಿ.

ಇಂಚು ಸೆಂಟು

ಒಲೆ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನಾನು ನೀರಿನ ಬಗ್ಗೆ ಬರೆಯುತ್ತೇನೆ.

1200 ಚದರ ಅಡಿ ಮಾಡಿನ ಮೇಲೆ ಒಂದು ಇಂಚು ಮಳೆ ಅಂದರೆ 2800 ಲೀಟರ್. ಚೆಲ್ಲಿದ್ದು, ಹಂಚು ಹೀರಿದ್ದು ಕಳೆದು 2400 ಕೈಗೆ ಸಿಗುತ್ತದೆ. ನಿಮ್ಮ ಕಡೆ ವರ್ಷಕ್ಕೆ ನೂರು ಇಂಚು ದಾಟುವ ಮಳೆಗೆ ಇದನ್ನು ಗುಣಿಸಿ ನೋಡಿ ಖುಷಿಪಡಬಹುದು, ಆದರೆ ಅಷ್ಟೂ ನೀರು ಬೇಡದ ಕಾಲದಲ್ಲಿ ಬರುತ್ತದೆ. ಕೊರತೆ ಇರುವುದು ಫೆಬ್ರವರಿಯಿಂದ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ), ಅದರ ಬೆನ್ನಿಗೆ ಬರುವ ಮಳೆ ಬಂದು ಬಾವಿ ಚೇತರಿಸಿಕೊಳ್ಳುವವರೆಗೆ. ಐದು ಜನಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 50 ಲೀಟರ್, 90 ದಿನಕ್ಕೆ 4500. ಹಾಗಾಗಿ 5000 ಲೀಟರಿನ ಒಂದು ಟ್ಯಾಂಕ್ ಸಾಕು. ಬಳಕೆಯ ನೀರನ್ನೆಲ್ಲ ಕೂಡಿಡಲು ಹೊರಟರೆ 60 ಸಾವಿರ ಲೀಟರ್ ಬೇಕಾಗುತ್ತದೆ, ಆ ಹುಚ್ಚಿಗೆ ಕೈ ಹಾಕಬೇಡಿ.

ಎಲ್ಲರೂ ತಪ್ಪುವ ಜಾಗ: ಜೂನ್ ಮೊದಲ ಮಳೆಗೇ ಟ್ಯಾಂಕ್ ತುಂಬಿ ಮುಚ್ಚುವುದು. ಆ ನೀರು ಬಳಸಬೇಕಾದ ಹೊತ್ತಿಗೆ ಎಂಟು ತಿಂಗಳು ಹಳತು. ಮಳೆಗಾಲವಿಡೀ ಟ್ಯಾಂಕ್ ನೀರನ್ನು ದಿನಬಳಕೆಗೆ ಹಾಕಿ, ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡಿ ತಿಕ್ಕಿ ತೊಳೆದು, ಅಕ್ಟೋಬರಿನ ಮಳೆಯಲ್ಲಿ ತುಂಬಿ. ಅಷ್ಟರಲ್ಲಿ ಹಂಚು ತೊಳೆದು ಸ್ವಚ್ಛವಾಗಿರುತ್ತದೆ. ಮಾಡಿನ ಒಂದೇ ಮಗ್ಗುಲಿನ ನೀರು ಹಿಡಿದರೂ ನಾಲ್ಕೂವರೆ ಇಂಚಿಗೆ ಟ್ಯಾಂಕ್ ತುಂಬುತ್ತದೆ.

ಮೊದಲ ಮಳೆ ಹೊರಗೆ ಬಿಡುವ ಪೈಪ್ ವಿಷಯ. ಅಂಗಡಿಯಲ್ಲಿ 4 ಇಂಚು ಪೈಪಿನ ಒಂದು ಮೀಟರ್ ತುಂಡಿಗೆ ಮುಚ್ಚಳ ಹಾಕಿ ಕೊಡುತ್ತಾರೆ. ಅದು ಹಿಡಿಯುವುದು 8 ಲೀಟರ್. ನಿಮ್ಮ ಒಂದು ಮಗ್ಗುಲು 56 ಚದರ ಮೀಟರ್, ಒಂದು ಮಿಲಿಮೀಟರ್ ಮಳೆ ತೊಳೆದು ಹೋಗಲು 56 ಲೀಟರ್ ಬೇಕು. ಒಂದು 60 ಲೀಟರಿನ ಡ್ರಮ್ ಕೂರಿಸಿ, ಕೆಳಗೆ ನಲ್ಲಿ ಇಡಿ. ನಲ್ಲಿಯನ್ನು ಕೂದಲೆಳೆಯಷ್ಟು ತೆರೆದಿಟ್ಟರೆ ಮಳೆ ನಿಂತ ಮೇಲೆ ತಾನೇ ಖಾಲಿಯಾಗುತ್ತದೆ, ಕಸ ಸಿಕ್ಕಿಕೊಂಡಿದೆಯೇ ಅಂತ ವಾರಕ್ಕೊಮ್ಮೆ ನೋಡಿ. ತೋಟ ಮನೆಗೆ ತಾಗಿಕೊಂಡಿದ್ದರೆ ಇದು ಇನ್ನೂ ಮುಖ್ಯ: ಕಾಫಿ, ಮೆಣಸಿಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಔಷಧಿ) ಹೊಡೆಯುವಾಗ ಮೈಲುತುತ್ತಿನ ತುಂತುರು ಹಂಚಿನ ಮೇಲೂ ಕೂರುತ್ತದೆ. ಸ್ಪ್ರೇ ಮಾಡಿದ ದಿನ ಟ್ಯಾಂಕಿನ ಪೈಪ್ ತಿರುಗಿಸಿಟ್ಟು, ಒಂದು ಒಳ್ಳೆಯ ಮಳೆ ಹೋದ ಮೇಲೆ ಜೋಡಿಸಿ. ಹಂಚಿಗೆ ಕೆಂಪು ಬಣ್ಣ ಹೊಡೆದ ವರ್ಷದ ನೀರು ಕುಡಿಯಲು ಬೇಡ.

ಗಟ್ಟರ್ 6 ಇಂಚಿನದು ಹಾಕಿ, ಎರಡು ಅಡಿಗೊಂದು ಬ್ರಾಕೆಟ್, ಹತ್ತು ಅಡಿಗೆ ಅರ್ಧ ಇಂಚು ಇಳಿಜಾರು. ಮೂರು ಅಡಿಗೊಂದು ಬ್ರಾಕೆಟ್ ಹಾಕಿದ ಪಿವಿಸಿ ಗಟ್ಟರ್ ಜುಲೈ ಮಳೆಯ ಭಾರಕ್ಕೆ ಹೊಟ್ಟೆ ಬಿಡುತ್ತದೆ. ಮಗ್ಗುಲಿಗೊಂದು 4 ಇಂಚಿನ ಇಳಿ ಪೈಪ್. ಗಂಟೆಗೆ ನಾಲ್ಕು ಇಂಚಿನ ರಭಸದಲ್ಲಿ ಸುರಿದರೂ ಅದು ಎಳೆಯುತ್ತದೆ, ಬಾಯಿಗೆ ಸಿಲ್ವರ್ ಓಕ್ ಎಲೆ ಅಡ್ಡ ಬಾರದಿದ್ದರೆ. ಸೋಸಲು ಮರಳು-ಇದ್ದಿಲಿನ ಡ್ರಮ್ ನಮ್ಮ ಮಳೆಗೆ ತಡೆಯದು, ಉಕ್ಕಿ ಹೊರಗೆ ಹೋಗುತ್ತದೆ. ಟ್ಯಾಂಕಿಗೆ ಹೋಗುವಾಗ ಸ್ಟೀಲ್ ಜಾಲರಿ ಸಾಕು, ಕುಡಿಯುವಾಗ ಕುದಿಸಿ. ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಬಕೆಟ್‌ನಲ್ಲಿ ಕದಡಿ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಬಿಡಿ. ಟ್ಯಾಂಕಿಗೆ ಬೆಳಕು ಬೀಳಬಾರದು, ಉಕ್ಕುವ ಪೈಪಿಗೂ ಸೊಳ್ಳೆ ಜಾಲರಿ ಇರಬೇಕು.

ಇನ್ನು ಉಳಿದ ನೀರಿಗೆ ಇಂಗು ಗುಂಡಿ ಒಳ್ಳೆಯದೇ. ಬಾವಿಗೆ ಮೇಲಿನಿಂದ ಇಂಗಿದರೆ ಮಾರ್ಚ್‌ನಲ್ಲಿ ಅನುಕೂಲ.

ತಡಿಯಂಡಮೋಳು

ಕೊನೆಯ ಸಾಲು ಒಪ್ಪಲಾಗದು, ಕ್ಷಮಿಸಿ. ಬರೆಯ ಮೇಲೆ ಇಂಗು ಗುಂಡಿ ತೆಗೆಯಬೇಡಿ. ಒಂದೂ ಬೇಡ.

ನಮ್ಮ ಮಣ್ಣು ಜೂನ್ ಮುಗಿಯುವಷ್ಟರಲ್ಲಿ ನೀರು ಕುಡಿದು ತುಂಬಿರುತ್ತದೆ. ಆಮೇಲೆ ಒಳಗಿಳಿಸಿದ ಪ್ರತಿ ಲೀಟರೂ ಮಣ್ಣಿನ ತೂಕ ಹೆಚ್ಚಿಸುತ್ತದೆ, ಕಣಗಳ ನಡುವಿನ ನೀರಿನ ಒತ್ತಡ ಏರಿ ಹಿಡಿತ ಸಡಿಲವಾಗುತ್ತದೆ. ನೇರ ಕಡಿದ ಬರೆಗೆ ಎದುರು ಆಧಾರವೂ ಇಲ್ಲ, ಜಾರುವುದು ಅಲ್ಲಿಂದಲೇ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಜಾರಿದ ಮೇಲೆ ನೋಡಲು ಬಂದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು, ಅತಿಮಳೆಯ ಜೊತೆಗೆ ಮನೆ ರಸ್ತೆಗೆಂದು ಇಳಿಜಾರು ಕಡಿದದ್ದನ್ನೂ ಕಾರಣ ಅಂದರು. ಕುಶಾಲನಗರ, ಶನಿವಾರಸಂತೆ ಕಡೆಯ ಚಪ್ಪಟೆ ಜಾಗಕ್ಕೆ ಇಂಗು ಗುಂಡಿ ಸರಿ, ಅಲ್ಲಿ ಮಳೆಯೂ ನಿಮ್ಮದರ ಮೂರನೇ ಒಂದು ಪಾಲು. ಗಾಳಿಬೀಡಿಗೆ ಅದೇ ಸಲಹೆ ಅನ್ವಯಿಸುವುದಿಲ್ಲ.

ನಿಮಗೆ ಬೇಕಾಗಿರುವುದು ತದ್ವಿರುದ್ಧ: ನೀರು ಬರೆಯೊಳಗೆ ಇಳಿಯದ ಹಾಗೆ ಹೊರಗೆ ಸಾಗಿಸುವುದು. ಬರೆಯ ಅಂಚಿನಿಂದ ಐದಾರು ಅಡಿ ಹಿಂದೆ ಅಡ್ಡ ಚರಂಡಿ, ಒಂದೂವರೆ ಅಡಿ ಅಗಲ, ಒಂದು ಅಡಿ ಆಳ, ಕಲ್ಲು ಅಥವಾ ಸಿಮೆಂಟ್ ಹಾಸಿ. ಹಾಸದೆ ಬಿಟ್ಟ ಚರಂಡಿಯೂ ಇಂಗು ಗುಂಡಿಯೇ. ಅದರ ನೀರು ಪಕ್ಕದ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರಲಿ, ಬರೆಯ ಮೈಮೇಲೆ ಸುರಿಯಬಾರದು. ಬರೆಯ ಬುಡದಲ್ಲೂ ಒಂದು ಚರಂಡಿ. ತಡೆಗೋಡೆ ಇದ್ದರೆ ಮೂರು ಅಡಿಗೊಂದು 3 ಇಂಚಿನ ಪೈಪ್ ತೂತು, ಹಿಂದೆ ಒಂದು ಅಡಿ ಜಲ್ಲಿ. ತೂತುಗಳಿಂದ ಮಳೆಗಾಲದಲ್ಲೂ ನೀರು ಬರುತ್ತಿಲ್ಲ ಅಂದರೆ ಮುಚ್ಚಿಹೋಗಿವೆ ಅಂತ ಅರ್ಥ, ಗೋಡೆ ಹಿಂದೆ ನೀರು ನಿಂತಿದೆ. ಕಕ್ಕಸಿನ ಇಂಗು ಗುಂಡಿ ಮೇಲ್ಭಾಗದಲ್ಲಿದ್ದರೆ ಕೆಳಗೆ ತನ್ನಿ, ಬಾವಿಯಿಂದ 50 ಅಡಿ ದೂರ.

ಬರೆಯ ಮೈಗೆ ಲಾವಂಚ. ಜೂನ್ ಮೊದಲ ವಾರ, ಅಡ್ಡ ಸಾಲಿನಲ್ಲಿ ಗೇಣಿಗಿಂತ ಹತ್ತಿರ ಹತ್ತಿರ, ಸಾಲಿಂದ ಸಾಲಿಗೆ ಮೂರು ಅಡಿ. ದೂರ ದೂರ ನೆಟ್ಟರೆ ಬೇಲಿಯಾಗುವುದಿಲ್ಲ, ನಡುವೆ ನೀರು ಕೊರೆಯುತ್ತದೆ. ಬರೆಯ ಅಂಚಿನಲ್ಲೇ ದೊಡ್ಡ ಸಿಲ್ವರ್ ಓಕ್ ಇದ್ದರೆ ಗಾಳಿಗೆ ಅಲ್ಲಾಡಿ ಬುಡ ಸಡಿಲಿಸುತ್ತದೆ. ಕೊಂಬೆ ಇಳಿಸಿ, ಬೇರು ಕೀಳಬೇಡಿ. ಅಂಚಿಗೆ ಸಮಾನಾಂತರವಾಗಿ ನೆಲ ಬಿರುಕು ಬಿಟ್ಟದ್ದು ಕಂಡರೆ, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾದರೆ ಆ ರಾತ್ರಿ ಅಲ್ಲಿ ಮಲಗಬೇಡಿ, ಪಂಚಾಯಿತಿಗೂ ತಾಲೂಕು ಕಚೇರಿಗೂ ತಿಳಿಸಿ.

ಬಾವಿಗೆ ನೀರು ಬೇಕಿದ್ದರೆ ಕೆಳಗೆ ಗದ್ದೆ ಇದೆಯೇ? ಪಾಳು ಬಿಡದೆ ಒಂದು ಬೆಳೆ ಭತ್ತ ಹಾಕಿ. ನಾಲ್ಕು ತಿಂಗಳು ನೀರು ನಿಲ್ಲಿಸುವುದಕ್ಕೆ ಗದ್ದೆಗಿಂತ ಸುರಕ್ಷಿತ ಜಾಗ ಕೊಡಗಿನಲ್ಲಿಲ್ಲ. ಅದನ್ನು ಮುಚ್ಚಿ ಹೋಂಸ್ಟೇ ಕಟ್ಟಿ, ಆಮೇಲೆ ಅಂಗಳದಲ್ಲಿ ಇಂಗು ಗುಂಡಿ ತೋಡುವವರನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಇಂಚು ಸೆಂಟು

ಬರೆ ಇರುವುದನ್ನು ಲೆಕ್ಕಕ್ಕೆ ತಗೊಂಡರೆ ನಿಮ್ಮ ಮಾತೇ ಸರಿ. ಟ್ಯಾಂಕ್ ಉಕ್ಕಿದ ನೀರಿನ ಪೈಪನ್ನೂ ಬರೆಯಿಂದ ದೂರ, ಮನೆಯ ಕೆಳಬದಿಯ ತೋಡಿಗೇ ಕೊಡಿ. 5000 ಲೀಟರ್ ಅಂದರೆ 5 ಟನ್, ಟ್ಯಾಂಕನ್ನೂ ಬರೆಯ ಮೇಲಾಗಲಿ ಅಂಗಳದ ಅಂಚಿನಲ್ಲಾಗಲಿ ಕೂರಿಸಬೇಡಿ, ಗಟ್ಟಿ ನೆಲದಲ್ಲಿಡಿ.

ಹಂಚಿನಮನೆ

ಗುಂಡಿ ಯೋಚನೆ ಕೈಬಿಟ್ಟೆವು, ಉಪಕಾರವಾಯಿತು. ಕೆಳಗೆ ಅರ್ಧ ಎಕರೆ ಗದ್ದೆ ಇದೆ, ಪಾಳೇ ಬಿದ್ದಿದೆ. ಹಾಗಾದರೆ ಸೋಲಾರ್ ಕರೆಂಟು? ಕಂಪನಿಯವರು ಸಬ್ಸಿಡಿ 78 ಸಾವಿರ ಬರುತ್ತದೆ, ಈಗಲೇ ಹಾಕಿ ಅನ್ನುತ್ತಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋಗುವುದು ಮಾಮೂಲು, ಅದಕ್ಕೂ ಆಗುತ್ತದಲ್ಲ ಅಂತ. ಗೋಬರ್ ಗ್ಯಾಸಿಗೆ ಎರಡು ಹಸು ಸಾಕಾ?

ಕರೆಂಟಿಲ್ಲ

ಆಗುವುದಿಲ್ಲ ಅಣ್ಣ. ಸಬ್ಸಿಡಿ ಮಾತು ನಿಜ: ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವಾಟ್ ತನಕ ಕಿಲೋವಾಟಿಗೆ 30 ಸಾವಿರ, 3 ಹಾಕಿದರೆ ಒಟ್ಟು 78 ಸಾವಿರ. ಆದರೆ ಅದು ಚೆಸ್ಕಾಂ ಲೈನಿಗೆ ಜೋಡಿಸುವ ವ್ಯವಸ್ಥೆ. ಲೈನ್ ಸತ್ತ ಕೂಡಲೇ ಇನ್ವರ್ಟರ್ ತಾನೇ ನಿಲ್ಲುತ್ತದೆ, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನಿಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯುತ್ತದೆ. ಮೇಲೆ ಬಿಸಿಲು, ಮಾಡಿನಲ್ಲಿ ಪ್ಯಾನಲ್, ಮನೆಯೊಳಗೆ ಕತ್ತಲೆ. ಬಿಲ್ ಈಗಲೇ ಸೊನ್ನೆ, ಉಳಿಸಲು ಏನಿದೆ? ಹಳೇ ಪಕಾಸು, ರೀಪರಿನ ಮೇಲೆ ಮೂರು ಕಿಲೋವಾಟ್ ಪ್ಯಾನಲ್ ಕೂರಿಸಲು ಹಂಚು ತೂತು ಮಾಡಬೇಕು, ಸೋರುವುದು ಅಲ್ಲಿಂದಲೇ ಶುರು. ಜುಲೈನಲ್ಲಿ ಉತ್ಪಾದನೆ ಬೇಸಿಗೆಯ ಅರ್ಧವೂ ಇರದು.

ಕತ್ತಲೆಗೆ ಮದ್ದು ಬೇರೆ. 12 ವೋಲ್ಟ್ 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ, ಒಂದು ಸೋಲಾರ್ ಇನ್ವರ್ಟರ್, 400 ವಾಟಿನ ಒಂದೇ ಪ್ಯಾನಲ್ ತಾರಸಿಯ ಮೇಲೆ, ತೆಂಕಣಕ್ಕೆ ಮುಖ. ಬ್ಯಾಟರಿಯಲ್ಲಿರುವ ಒಂದೂಮುಕ್ಕಾಲು ಯೂನಿಟ್‌ನಲ್ಲಿ ಅರ್ಧ ಮಾತ್ರ ಬಳಸಿ, ಬಾಳಿಕೆ ಬರುತ್ತದೆ. ಐದು 9 ವಾಟ್ ಬಲ್ಬು, ವೈಫೈ, ಮೊಬೈಲ್ ಚಾರ್ಜು ಸೇರಿ 70 ವಾಟ್ ಅಂದರೆ ಹನ್ನೆರಡು ಗಂಟೆ. ಫ್ರಿಡ್ಜ್, ಮಿಕ್ಸಿ ಇದಕ್ಕೆ ಹಾಕಬೇಡಿ.

ಒಂದು ಕಡೆ ಎಚ್ಚರ: ದೊಡ್ಡ ಪ್ಯಾನಲಿನ ವೋಲ್ಟೇಜು 30ರ ಮೇಲೆ ಇರುತ್ತದೆ. 12 ವೋಲ್ಟ್ ಬ್ಯಾಟರಿಗೆ ಅಗ್ಗದ ಪಿಡಬ್ಲ್ಯುಎಂ ಚಾರ್ಜರ್ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಕರೆಂಟು ಅಲ್ಲೇ ದಂಡ. ಪ್ಯಾನಲಿನ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕ ಹಾಗೆ ಇಳಿಸಿಕೊಡುವ, ಎಂಪಿಪಿಟಿ ಅಂತ ಬರೆದ ಚಾರ್ಜರನ್ನೇ ಕೇಳಿ. ಏಪ್ರಿಲ್ ಮೇ ಗುಡುಗಿಗೆ ಸರ್ಜ್ ಪ್ರೊಟೆಕ್ಟರ್, ಪ್ರತ್ಯೇಕ ಅರ್ಥಿಂಗ್ ಬಿಡಬೇಡಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಎಷ್ಟು ಶುದ್ಧ ಅನ್ನಿಸಿದರೂ ಮಳೆನೀರು ಬೇಡ. ಮಾಡಿನ ನಡುವೆ ನಾಲ್ಕು ಗಾಜಿನ ಹಂಚು ಹಾಕಿಸಿ, ಹಗಲು ಲೈಟೇ ಬೇಕಾಗುವುದಿಲ್ಲ.

ಬಚ್ಚಲೊಲೆ

ಗೋಬರ್ ಗ್ಯಾಸಿಗೆ: ಒಂದು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 25 ಕೆಜಿ ಸಗಣಿ, ಅಷ್ಟೇ ನೀರು. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಎರಡು ಮಿಶ್ರತಳಿ ಹಸುವಿಗೆ ಸಿಗುತ್ತದೆ, ತೋಟಕ್ಕೆ ಬಿಡುವುದಾದರೆ ಇಲ್ಲ. ಚಿಕ್ಕ ನಾಟಿ ತಳಿ ಮಲೆನಾಡು ಗಿಡ್ಡ ಆಗಿದ್ದರೆ ಐದಾರು ಬೇಕಿತ್ತು. ಹಂದಿ ಸಾಕುತ್ತಿದ್ದರೆ ಅದರ ಗೊಬ್ಬರವೂ ಸೇರಲಿ, ಗ್ಯಾಸ್ ಚೆನ್ನಾಗಿ ಬರುತ್ತದೆ. ಸಿಗುವುದು ಒಂದೆರಡು ಗಂಟೆಯ ಒಂದು ಬರ್ನರ್. ಮಳೆಗಾಲದಲ್ಲಿ ಕೊಳೆಯುವ ವೇಗ ಚಳಿಗೆ ಕುಗ್ಗುತ್ತದೆ, ಸಿಲಿಂಡರ್ ಬಿಟ್ಟುಕೊಡಬೇಡಿ.

ಇಲ್ಲಿ ಕೆಡುವುದು ಹೆಚ್ಚಾಗಿ ನೀರಿನಿಂದ. ಕೊಟ್ಟಿಗೆ ತೊಳೆದ ನೀರೆಲ್ಲ ಒಳಗೆ ಬಿಟ್ಟರೆ ಸ್ಲರಿ (ಸಗಣಿ ನೀರಿನ ಮಿಶ್ರಣ) ತೆಳ್ಳಗಾಗಿ ಬೇಗ ಹೊರಹೋಗುತ್ತದೆ, ಗ್ಯಾಸ್ ಇಲ್ಲ. ಒಳಹರಿವು, ಹೊರಗುಂಡಿ ಎರಡಕ್ಕೂ ಮಾಡು ಬೇಕು. ಗ್ಯಾಸ್ ಪೈಪಿನ ಅತಿ ತಗ್ಗಿನ ಜಾಗದಲ್ಲಿ ನೀರು ತೆಗೆಯುವ ನಲ್ಲಿ ಇಡದಿದ್ದರೆ ಜ್ವಾಲೆ ಬಿಟ್ಟು ಬಿಟ್ಟು ಉರಿಯುತ್ತದೆ. ಇದನ್ನೂ ಬರೆಯ ಹತ್ತಿರ ತೋಡಬೇಡಿ ಅಂತ ಬೇರೆ ಹೇಳಬೇಕಿಲ್ಲ.

ಅಡಿಗೆಮನೆಯ ಹಸಿಕಸವನ್ನು ಮಡಕೆಯಲ್ಲಿ ಗೊಬ್ಬರ ಮಾಡುವುದಾದರೆ ಒಂದು ಪಾಲಿಗೆ ಎರಡು ಮೂರು ಪಾಲು ಕಾಫಿ ಹೊಟ್ಟು. ಹೊಟ್ಟನ್ನು ಬೇಸಿಗೆಯಲ್ಲೇ ಚೀಲ ಕಟ್ಟಿಡಿ, ಜುಲೈನಲ್ಲಿ ಒಣಗಿದ್ದೇನೂ ಸಿಗುವುದಿಲ್ಲ. ತೆರೆದ ಗುಂಡಿಗೆ ಹಾಕಿದರೆ ಕಾಡುಹಂದಿ ಬರುತ್ತದೆ.

ತಡಿಯಂಡಮೋಳು

ಹಣದ ಹಂಚಿಕೆ ನನ್ನ ಪ್ರಕಾರ ಹೀಗೆ: ಮೊದಲು ಬರೆಯ ಚರಂಡಿ, ಅದು ಮೇ ಒಳಗೆ ಮುಗಿಯಬೇಕು. ಜೊತೆಗೇ ಬಚ್ಚಲೊಲೆ, ಸೌದೆ ಕೊಟ್ಟಿಗೆ. ಆಮೇಲೆ ಗಟ್ಟರ್, ಟ್ಯಾಂಕ್, ಅಕ್ಟೋಬರಿಗೆ ಸಿದ್ಧವಾದರೆ ಸಾಕು. ಬ್ಯಾಟರಿ, ಸೋಲಾರ್ ಹೀಟರ್ ಉಳಿದದ್ದರಲ್ಲಿ. ಗೋಬರ್ ಗ್ಯಾಸ್ ಮುಂದಿನ ವರ್ಷ ನೋಡಿ.

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಪೇಂಟ್ ಎರಡೂ ಬೇಡ, ತೇವ ಹೊರಬರಲಾರದೆ ಒಳಗೇ ಗೋಡೆ ಕೊಳೆಯುತ್ತದೆ. ಸುಣ್ಣ ಎರಡು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಸ್ವಲ್ಪ ಗೋಂದು ಸೇರಿಸಿ ಮೂರು ಕೈ ಬಳಿಯಿರಿ. ಒಂದೇ ಕೈ ದಪ್ಪಗೆ ಬಳಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.